ನರಕೋಶ: ಪರೀಕ್ಷೆಗೆ ಬರೆದ ಆ ಒಂದೇ ಚಿತ್ರ

ತಪ್ಪು ಕಲ್ಪನೆ: ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದೇ ನರ.

ವಾಸ್ತವ: ಅದು ರಕ್ತನಾಳ. ಡ್ರಿಪ್ ಹಾಕುವಾಗ ‘ನರ ಸಿಗ್ತಾ ಇಲ್ಲ’ ಅಂತ ನರ್ಸ್ ಹುಡುಕುವುದೂ ಅದನ್ನೇ. ನಿಜವಾದ ನರ ಟೊಳ್ಳು ಕೊಳವೆಯಲ್ಲ. ನರಕೋಶಗಳ ಉದ್ದನೆಯ ಎಳೆಗಳ ಕಟ್ಟು.

ತಪ್ಪು ಕಲ್ಪನೆ: ಎಲ್ಲ ನರಕೋಶಗಳೂ ಪಠ್ಯಪುಸ್ತಕದ ಚಿತ್ರದ ಹಾಗೇ ಇರುತ್ತವೆ.

ವಾಸ್ತವ: ನಕ್ಷತ್ರದಂಥ ಕೋಶಕಾಯ, ಸುತ್ತ ಡೆಂಡ್ರೈಟುಗಳು, ಬಾಲದಂಥ ಆಕ್ಸಾನ್. ಐದು ಅಂಕಕ್ಕಾಗಿ ಬರೆದೂ ಬರೆದೂ ಕೈಗೆ ಕೂತಿರುವ ಆ ಚಿತ್ರ ಸ್ನಾಯುಗಳಿಗೆ ಆಜ್ಞೆ ಒಯ್ಯುವ ಚಾಲಕ ನರಕೋಶದ್ದು. ಅದರಲ್ಲೂ ಅಳತೆ ಸುಳ್ಳು. ಕೋಶಕಾಯ ಹೆಚ್ಚೆಂದರೆ 0.1 ಮಿಲಿಮೀಟರ್, ಬೆನ್ನುಹುರಿಯಿಂದ ಪಾದಕ್ಕಿಳಿಯುವ ಆಕ್ಸಾನ್ ಸುಮಾರು 1 ಮೀಟರ್. ಕೋಶಕಾಯವನ್ನು 1 ಸೆಂಟಿಮೀಟರ್ ಬರೆದರೆ ಬಾಲವನ್ನು 100 ಮೀಟರ್ ಎಳೆಯಬೇಕಾದೀತು. ಡ್ರಾಯಿಂಗ್ ಹಾಳೆ ಎಲ್ಲಿ ಸಾಕು!

ಉಳಿದವುಗಳ ರೂಪವೇ ಬೇರೆ. ಸ್ಪರ್ಶದ ಸುದ್ದಿ ತರುವ ಸಂವೇದಿ ನರಕೋಶದ ಕೋಶಕಾಯ ಬೆನ್ನುಹುರಿಯ ಪಕ್ಕದ ಗಂಟಿನಲ್ಲಿರುತ್ತದೆ. ಅಲ್ಲಿಂದ ಹೊರಡುವ ಒಂದೇ ಎಳೆ ಕವಲೊಡೆದು ಒಂದು ತುದಿ ಚರ್ಮಕ್ಕೆ, ಇನ್ನೊಂದು ಬೆನ್ನುಹುರಿಗೆ ಹೋಗುತ್ತದೆ. ಅಕ್ಷಿಪಟಲದಲ್ಲಿ ಎದುರುಬದುರು ಎರಡೇ ಎಳೆಗಳ ದ್ವಿಧ್ರುವ ಕೋಶಗಳಿವೆ. ಅಲ್ಲೇ ಇರುವ ಅಮಾಕ್ರೈನ್ ಕೋಶಗಳಲ್ಲಿ ಹೆಚ್ಚಿನವಕ್ಕೆ ಆಕ್ಸಾನೇ ಇಲ್ಲ. ಕಿರುಮೆದುಳಿನ ಪರ್ಕಿಂಜೆ ಕೋಶದ ಕವಲುಗಳು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡಿ ಲಕ್ಷದಷ್ಟು ಸಂಪರ್ಕಗಳನ್ನು ಪಡೆಯುತ್ತವೆ. ಎಣಿಕೆಯಲ್ಲಿ ಗೆಲ್ಲುವುದು ಮಾತ್ರ ಅಲ್ಲಿನ ಪುಟಾಣಿ ಗ್ರ್ಯಾನ್ಯೂಲ್ ಕೋಶಗಳು: ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇವೇ.

ತಪ್ಪು ಕಲ್ಪನೆ: ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡ ಬಲೆ.

ವಾಸ್ತವ: ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಹಾಗೇ ನಂಬಿದ್ದರು. 1873ರಲ್ಲಿ ಅವರೇ ಪ್ರಕಟಿಸಿದ ಬೆಳ್ಳಿಯ ಬಣ್ಣಗಾರಿಕೆಯಲ್ಲಿ ಬೆರಳೆಣಿಕೆಯ ಕೋಶಗಳಷ್ಟೇ ಕಪ್ಪಾಗಿ ಬೇರೆಯಾಗಿ ಕಾಣುತ್ತಿದ್ದವು. ಅದೇ ವಿಧಾನ ಹಿಡಿದ ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್, ಪ್ರತಿ ಕೋಶವೂ ಬಿಡಿ ಎಂದು ವಾದಿಸಿದರು. 1906ರ ನೊಬೆಲ್ ಇಬ್ಬರಿಗೂ ಬಂತು. ಗಾಲ್ಜಿ ತಮ್ಮ ನೊಬೆಲ್ ಉಪನ್ಯಾಸದಲ್ಲೂ ಪಟ್ಟು ಬಿಡಲಿಲ್ಲ. 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೋಶಗಳ ನಡುವಿನ ಸಂದನ್ನು ತೋರಿಸಿ ಕಹಾಲ್ ಪರ ನಿಂತಿತು. ಹೆಚ್ಚಿನ ಕಡೆ ಸಂದೇಶ ಆ ಸಂದನ್ನು ದಾಟುವುದು ರಾಸಾಯನಿಕಗಳ ಮೂಲಕ.

ತಪ್ಪು ಕಲ್ಪನೆ: ನರದ ಸಂದೇಶ ಕರೆಂಟಿನ ವೇಗದಲ್ಲಿ ಓಡುತ್ತದೆ.

ವಾಸ್ತವ: ಇಲ್ಲಿ ನಡೆಯುವುದು ಪೊರೆಯ ಆಚೀಚೆ ಅಯಾನುಗಳ ಓಡಾಟ. ದಪ್ಪನೆಯ, ಮಯಲಿನ್ ಎಂಬ ಹೊದಿಕೆ ಸುತ್ತಿದ ಎಳೆಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟಬಹುದು. ಮಯಲಿನ್ ಇಲ್ಲದ ಸಣ್ಣ ಎಳೆಗಳಲ್ಲಿ 1 ಮೀಟರ್ ಆಸುಪಾಸು. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ತಗುಲಿದ್ದು ಆ ಕ್ಷಣವೇ ತಿಳಿಯುತ್ತದೆ, ಉರಿಯುವ ನೋವು ತುಸು ತಡವಾಗಿ ಏರುತ್ತದೆ. ಎರಡೂ ಸುದ್ದಿ ಹೊರಟದ್ದು ಒಂದೇ ಬೆರಳಿನಿಂದ. ಬಂದದ್ದು ಬೇರೆ ಬೇರೆ ಎಳೆಗಳಲ್ಲಿ.