ಗಾಡಿ ಏರುವ ದೋಣಿಗೆ ವಿಷದ ಬಣ್ಣವೇಕೆ?

ಅಮೆರಿಕದಲ್ಲಿ ದೋಣಿ ಎಂದರೆ ಬಂದರಿನಲ್ಲಿ ಲಂಗರು ಹಾಕಿ ನಿಂತದ್ದೇ ಆಗಬೇಕಿಲ್ಲ. ಅಲ್ಲಿನ ಎಷ್ಟೋ ಸಾಧಾರಣ ಮನೆಗಳ ಅಂಗಳದಲ್ಲಿ, ಕಾರಿನ ಪಕ್ಕದಲ್ಲೇ, ಟ್ರೇಲರ್ ಮೇಲೆ ಹದಿನೈದು ಇಪ್ಪತ್ತು ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಯೊಂದು ತಾಡಪಾಲು ಹೊದ್ದು ಕುಳಿತಿರುತ್ತದೆ. ಶನಿವಾರ ಬೆಳಿಗ್ಗೆ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಸರೋವರಕ್ಕೋ ಕೊಲ್ಲಿಗೋ ಹೋಗುವುದು, ಇಳಿಜಾರಿನಲ್ಲಿ ನೀರಿಗೆ ಬಿಡುವುದು, ಸಂಜೆ ಮತ್ತೆ ಗಾಡಿಗೇರಿಸಿ ಮನೆಗೆ ತರುವುದು. ಇಂಥ ದೋಣಿಯನ್ನು ಯಾರೋ ಬಳಸಿದ್ದನ್ನು ಕೊಂಡವರು ಒಂದು ದಿನ ಬಗ್ಗಿ ಅದರ ತಳ ನೋಡುತ್ತಾರೆ. ನೀಲಿಯದೋ ಕೆಂಪಿನದೋ ಒರಟು ಬಣ್ಣ. ಅಲ್ಲಲ್ಲಿ ಚಕ್ಕೆ ಎದ್ದಿದೆ. ಅದರ ಮೇಲೆ ಮತ್ತೆ ಬಳಿಯಬೇಕೆ, ಅಥವಾ ಕೆರೆದು ತೆಗೆಯಬೇಕೆ?

ಆ ಬಣ್ಣ ಅಂದಕ್ಕಾಗಿ ಹಚ್ಚಿದ್ದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದು ವಿಷ. ಯಾವುದೇ ವಸ್ತುವನ್ನು ಸಮುದ್ರಕ್ಕೆ ಇಳಿಸಿದ ಕೆಲವೇ ನಿಮಿಷಗಳಲ್ಲಿ ನೀರಿನಲ್ಲಿರುವ ಸಾವಯವ ಅಣುಗಳು ಅದರ ಮೇಲೆ ತೆಳುವಾದ ಪೊರೆ ಕಟ್ಟುತ್ತವೆ. ಗಂಟೆಗಳು ಕಳೆದಂತೆ ಬ್ಯಾಕ್ಟೀರಿಯಾ ಬಂದು ಅಂಟಿಕೊಳ್ಳುತ್ತವೆ. ಆಮೇಲೆ ಪಾಚಿ, ಅದರ ಹಿಂದೆ ಬಾರ್ನಕಲ್ ಎಂಬ ಸುಣ್ಣದ ಗೂಡಿನ ಜೀವಿಯ ಮರಿಗಳು. ಒಮ್ಮೆ ತಲೆಯೂರಿ ಕೂತ ಬಾರ್ನಕಲ್ ಸತ್ತರೂ ಅದರ ಗೂಡು ಬಿಡುವುದಿಲ್ಲ, ಅಂಥ ಅಂಟು. ತಳ ಒರಟಾದಷ್ಟೂ ದೋಣಿಯ ವೇಗ ಕುಗ್ಗುತ್ತದೆ, ಇಂಧನ ಹೆಚ್ಚು ಸುಡುತ್ತದೆ.

ಇದಕ್ಕೆ ತಾಮ್ರವೇ ಹಳೆಯ ಮದ್ದು. ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿತು. ಪಾಚಿ, ಹುಳುಗಳ ಕಾಟವೇನೋ ತಪ್ಪಿತು; ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಎರಡು ಲೋಹಗಳು, ನಡುವೆ ಉಪ್ಪುನೀರು, ಹಡಗೇ ಬ್ಯಾಟರಿಯಾಗಿತ್ತು! ಅಲ್ಯೂಮಿನಿಯಂ ದೋಣಿಗೆ ತಾಮ್ರದ ಬಣ್ಣ ಸಲ್ಲದು ಎನ್ನುವುದಕ್ಕೆ ಕಾರಣವೂ ಇದೇ. ಇಂದಿನ ತಳದ ಬಣ್ಣಗಳಲ್ಲಿ ತಗಡಿನ ಬದಲು ತಾಮ್ರದ ಆಕ್ಸೈಡಿನ ಪುಡಿ ಇರುತ್ತದೆ. ಅದು ನೀರಿನಲ್ಲಿ ತುಸುತುಸುವೇ ಕರಗುತ್ತ ಹತ್ತಿರ ಬಂದ ಮರಿಗಳನ್ನು ಕೊಲ್ಲುತ್ತದೆ.

ನೀರಿನಲ್ಲಿದ್ದರೆ ಮಾತ್ರ ಅದಕ್ಕೆ ಕೆಲಸ. ದಿನವೂ ಸಂಜೆ ಗಾಡಿ ಏರಿ ಒಣಗುವ ದೋಣಿಯಲ್ಲಿ ಬಾರ್ನಕಲ್ ನೆಲೆಯೂರುವ ಮಾತೇ ಇಲ್ಲ; ಬಿಸಿಲೇ ಅದನ್ನು ಮುಗಿಸುತ್ತದೆ. ನಮ್ಮ ಕರಾವಳಿಯಲ್ಲಿ ಸಣ್ಣ ದೋಣಿಗಳನ್ನು ಮರಳಿಗೆ ಎಳೆದು ಹಾಕುವ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಾಗಿ ಹಳೆಯ ಮಾದರಿಯ ಎಷ್ಟೋ ಬಣ್ಣಗಳು ಗಾಳಿಗೆ ಒಡ್ಡಿಕೊಂಡು ಒಣಗಿದರೆ ಸತ್ವ ಕಳೆದುಕೊಳ್ಳುತ್ತವೆ. ಒಣಗಿದರೂ ಕೆಡದ, ಸವೆಯುತ್ತ ಹೋಗುವ ಬಣ್ಣಗಳು ಇವೆ ನಿಜ. ಅವನ್ನು ಟ್ರೇಲರಿನ ದಿಮ್ಮಿಗಳೇ ಉಜ್ಜಿ ತೆಗೆಯುತ್ತವೆ. ಹಾಗಾಗಿ ದಿನದ ವಿಹಾರಕ್ಕೆ, ವಾರದ ಕೊನೆಯ ಎರಡು ದಿನಕ್ಕೆ ನೀರಿಗಿಳಿಯುವ ದೋಣಿಗೆ ತಳದ ಬಣ್ಣ ದಂಡದ ಖರ್ಚು. ಬೇಸಿಗೆಯಿಡೀ ನೀರಿನಲ್ಲೇ ಕಟ್ಟಿಡುವುದಾದರೆ ಮಾತು ಬೇರೆ. ಬೆಚ್ಚನೆಯ ಸಮುದ್ರದಲ್ಲಾದರೆ ಎರಡು ಮೂರು ವಾರ ಬಿಟ್ಟರೂ ಸಾಕು, ತಳದಲ್ಲಿ ಬಾರ್ನಕಲ್ ಕಾಣಿಸಿಕೊಳ್ಳುತ್ತದೆ.

ಬೇಡದ ವಿಷವನ್ನು ಹಚ್ಚಿದರೆ ಏನಾಗುತ್ತದೆ ಎಂಬುದನ್ನು ಫ್ರಾನ್ಸಿನ ಆರ್ಕಶಾನ್ ಕೊಲ್ಲಿ ಜಗತ್ತಿಗೆ ತೋರಿಸಿತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸಿಂಪಿ ಕೃಷಿ ನೆಲಕಚ್ಚಿತು. ಮರಿಗಳು ಬದುಕಲಿಲ್ಲ, ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು. ಕಾರಣ ಕಾರ್ಖಾನೆಯಲ್ಲ, ವಿಹಾರದ ದೋಣಿಗಳ ತಳದಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ. ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನಷ್ಟಿದ್ದರೂ ಕೆಲವು ಜಾತಿಯ ಹೆಣ್ಣು ಕಡಲಬಸವನಹುಳುಗಳಲ್ಲಿ ಅದು ಗಂಡಿನ ಅಂಗವನ್ನು ಬೆಳೆಸುತ್ತದೆ. 25 ಮೀಟರಿಗಿಂತ ಸಣ್ಣ ದೋಣಿಗಳಿಗೆ ಅದನ್ನು ಹಚ್ಚಬಾರದೆಂದು ಫ್ರಾನ್ಸ್ 1982ರಲ್ಲಿ ಕಾನೂನು ಮಾಡಿತು. ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂತು.

ಹಳೆಯ ದೋಣಿಯ ತಳದಲ್ಲಿ ಏನೇನು ಪದರಗಳಿವೆಯೋ ಕೊಂಡವರಿಗೆ ಗೊತ್ತಿರುವುದಿಲ್ಲ. ತಾಮ್ರವಂತೂ ಇದ್ದೇ ಇರುತ್ತದೆ. ತೀರ ಹಳೆಯದಾದರೆ ತವರ, ಸೀಸ ಕೂಡ ಇರಬಹುದು. ಹಾಗಾಗಿ ಬಣ್ಣ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅದನ್ನು ಹಾಗೆಯೇ ಬಿಡುವುದು ಸೋಮಾರಿತನವಲ್ಲ, ಜಾಣತನ. ತೆಗೆಯಲೇಬೇಕಾದರೆ ವಿದ್ಯುತ್ ಯಂತ್ರ ಹಿಡಿದು ಒಣಗಿದ ಬಣ್ಣವನ್ನು ಉಜ್ಜುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಏಳುವ ನೀಲಿ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಬಟ್ಟೆಗಂಟಿ ಮನೆಯೊಳಕ್ಕೂ ಬರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಪ್ರಯೋಜನವಿಲ್ಲ. ಸೋಸುಕವಿರುವ ಮುಖವಾಡವೇ ಬೇಕು.

ನೀರು ಹಾಕುತ್ತ ಉಜ್ಜಿದರೆ ಧೂಳು ಏಳದು. ಫೈಬರ್‌ಗ್ಲಾಸಿಗೆಂದೇ ತಯಾರಾದ ದ್ರಾವಣ ಬಳಿದು, ಬಣ್ಣ ಮೆತ್ತಗಾದ ಮೇಲೆ ಮೂಲೆ ಸವರಿದ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಎಬ್ಬಿಸುವುದು ಇನ್ನೂ ಹಗುರ. ಕಾರಿನ ಬಣ್ಣ ತೆಗೆಯುವ ದ್ರಾವಣ ಮಾತ್ರ ಬೇಡ. ಅದು ಬಣ್ಣದ ಜೊತೆಗೆ ಕೆಳಗಿನ ಹೊಳಪಿನ ಪದರವನ್ನೂ ಕರಗಿಸಿಬಿಡುತ್ತದೆ. ಅಂಥ ದ್ರಾವಣಗಳಲ್ಲಿ ಹಿಂದೆ ಇರುತ್ತಿದ್ದ ಮಿಥಿಲೀನ್ ಕ್ಲೋರೈಡಿನ ಆವಿ ಮುಚ್ಚಿದ ಕೋಣೆಗಳಲ್ಲಿ ಕೆಲಸಗಾರರ ಪ್ರಾಣವನ್ನೇ ತೆಗೆದದ್ದುಂಟು. ಮನೆಬಳಕೆಯ ಬಣ್ಣ ತೆಗೆಯುವ ದ್ರಾವಣಗಳಲ್ಲಿ ಅಮೆರಿಕ 2019ರಲ್ಲಿ ಅದನ್ನು ನಿಷೇಧಿಸಿತು. ಕೆರೆದ ಚೂರುಗಳು, ಉಜ್ಜಿದ ನೀರು ಚರಂಡಿಗೆ ಹೋಗದಂತೆ ಕೆಳಗೆ ತಾಡಪಾಲು ಹಾಸಿ, ಎಲ್ಲವನ್ನೂ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಬೇಕು.

ಗಾಡಿ ಏರುವ ದೋಣಿಯಿಂದ ಅಮೆರಿಕಕ್ಕೆ ನಿಜವಾಗಿ ಆದ ಹಾನಿ ಬೇರೆಯೇ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ದೋಣಿಗಳ ಜೊತೆ ಸರೋವರದಿಂದ ಸರೋವರಕ್ಕೆ ಪ್ರಯಾಣ ಮಾಡಿತು, ನೀರಿನ ಕೊಳವೆಗಳೊಳಗೆ ಸಾವಿರಗಟ್ಟಲೆ ಕೂತು ಅವನ್ನು ಕಟ್ಟಿಹಾಕಿತು. ಅದರ ಮರಿಗಳು ಬರಿಗಣ್ಣಿಗೆ ಕಾಣವು. ದೋಣಿಯೊಳಗೆ ನಿಂತ ನೀರು, ಎಂಜಿನ್ನಿನ ಕೊಳವೆ, ಟ್ರೇಲರಿಗೆ ಸಿಕ್ಕಿಕೊಂಡ ಜೊಂಡು ಇವೇ ಅದರ ವಾಹನ. ತಳಕ್ಕೆ ಯಾವ ಬಣ್ಣ ಬಳಿದರೂ ಅಲ್ಲಿಗೆ ತಲುಪುವುದಿಲ್ಲ. ಅದಕ್ಕೇ ಅಲ್ಲಿನ ಹಲವು ರಾಜ್ಯಗಳಲ್ಲಿ ದೋಣಿ ಮೇಲೆ ಬಂದ ಕೂಡಲೇ ಕೆಳಗಿನ ಬಿರಡೆ ತೆಗೆದು ನೀರು ಬಸಿಯಬೇಕು, ಜೊಂಡು ಕಿತ್ತು ತೊಳೆಯಬೇಕು, ಬೇರೆ ಸರೋವರಕ್ಕಿಳಿಸುವ ಮೊದಲು ಐದು ದಿನವಾದರೂ ಚೆನ್ನಾಗಿ ಒಣಗಿಸಬೇಕು ಎಂದು ದೋಣಿಯವರಿಗೆ ಹೇಳುತ್ತಾರೆ. ಬಿರಡೆ ತೆಗೆಯದೆ ರಸ್ತೆಗಿಳಿದವರಿಗೆ ದಂಡ ಹಾಕುವ ರಾಜ್ಯಗಳೂ ಇವೆ.