ಹಳೇ ಲೆನ್ಸಿಗೆ ಕಾಸು ಬಿಚ್ಚುವ ಮುನ್ನ ಟಾರ್ಚು ಬಿಡಿ!

ಅಟ್ಟದಲ್ಲಿದ್ದ ರೀಲು ಕ್ಯಾಮೆರಾ ಇಳಿಸಿ, ಅದಕ್ಕೊಂದು ಹಳೇ ಲೆನ್ಸು ಹುಡುಕುವ ಹುಡುಗರು ಈಗ ಮತ್ತೆ ಕಾಣುತ್ತಿದ್ದಾರೆ. ಸಂತೋಷವೇ. ಆದರೆ ಹೊರಗಿನ ಹೊಳಪಿಗೆ ಮರುಳಾದರೆ ಜೇಬಿಗೆ ಕತ್ತರಿ!

ಮೊದಲು ಲೆನ್ಸು ಕ್ಯಾಮೆರಾಕ್ಕೆ ಕೂರುತ್ತದೆಯೇ ನೋಡಿ. ಪೆಂಟಾಕ್ಸ್ ಕಂಪನಿ 1975ರಲ್ಲಿ 42 ಮಿ.ಮೀ. ತಿರುಪು ಬಿಟ್ಟು ಬೇರೆ ಕೊಂಡಿಗೆ ಹೋಯಿತು. ಸೋವಿಯತ್ ಕಾಲದ ಜೆನಿಟ್‌ನ 42 ಮಿ.ಮೀ. ತಿರುಪಿನ ಹೀಲಿಯೋಸ್ ಲೆನ್ಸು ಹಳೇ ಪೆಂಟಾಕ್ಸಿಗೆ ಸಲೀಸು. ನಿಕಾನಿಗೆ ನೇರವಾಗಿ ಕೂರದು.

ಆಮೇಲೆ ಹಿಂದಿನಿಂದ ಟಾರ್ಚು ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ತೇವಕ್ಕೆ ಬೇಗ ಹಿಡಿಯುತ್ತದೆ. ಗಾಜಿನ ಲೇಪ ತಿಂದಿದ್ದರೆ ಒರೆಸಿದರೂ ಹೋಗದು. ಒಂದೆರಡು ಧೂಳಿನ ಕಣವಿದ್ದರೆ ಹೆದರಬೇಕಿಲ್ಲ.

36 ಫೋಟೋ ತೊಳೆಸಿದ ಮೇಲೆ ತಲೆ ಚಚ್ಚಿಕೊಳ್ಳುವ ಬದಲು ಅಂಗಡಿಯಲ್ಲೇ ಎರಡು ನಿಮಿಷ ನೋಡಿ, ಸ್ವಾಮಿ!