ಮಗಳ ಸ್ವರಕ್ಕಾಗಿ ತನ್ನ ಹಾಡು ನಿಲ್ಲಿಸಿದ ತಾಯಿ

ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳದ ಮನೆ ನಮ್ಮಲ್ಲಿ ಯಾವುದಿದೆ? ರೇಡಿಯೋದಲ್ಲಿ ಆ ಗಡಸು ದನಿ ಬಂದರೆ ಸಾಕು, ‘ಹಾಡ್ತಿರೋದು ಗಂಡಸೋ ಹೆಂಗಸೋ’ ಅಂತ ಮಕ್ಕಳು ಕೇಳುವುದು, ಸೌಟು ಕೈಯಲ್ಲಿ ಹಿಡಿದೇ ನಾವು ‘ಸುಮ್ನೆ ಕೇಳ್ರೋ’ ಅಂತ ಗದರುವುದು, ಇದೆಲ್ಲ ಎಷ್ಟೋ ಮನೆಗಳಲ್ಲಿ ನಡೆದದ್ದೇ. ಆದರೆ ಅವರ ತಾಯಿ ಅಂಬಾಬಾಯಿಯವರ ಹೆಸರು ಹೇಳಿ ನೋಡಿ, ‘ಯಾರಮ್ಮಾ ಅವರು?’ ಎನ್ನುವವರೇ ಹೆಚ್ಚು. ಗಂಗೂಬಾಯಿಯವರು ಮಾತ್ರ ತಮ್ಮ ಹಾಡಿನ ಮಾತು ಬಂದಾಗಲೆಲ್ಲ ತಾಯಿಯನ್ನು ನೆನೆಯದೆ ಬಿಡುತ್ತಿರಲಿಲ್ಲ.

ಅಂಬಾಬಾಯಿ ಧಾರವಾಡದ ಶುಕ್ರವಾರಪೇಟೆಯಲ್ಲಿದ್ದವರು. ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಊರಿಗೆ ಬಂದಾಗ ಈಕೆಯ ಹಾಡು ಕೇಳಲು ಮನೆಗೆ ಬರುತ್ತಿದ್ದರು ಅಂದ ಮೇಲೆ ವಿದ್ಯೆ ಎಂಥದ್ದಿರಬೇಕು, ನೀವೇ ಊಹಿಸಿ. ಆದರೇನು, ಹಾಡುವ ಹೆಂಗಸರ ಮನೆತನ. ಸುತ್ತಲೂ ಮಡಿವಂತರ ಮನೆಗಳು. ಹಾಡು ಬೇಕು, ಹಾಡುವವಳು ಮಾತ್ರ ಹೊಸ್ತಿಲು ತುಳಿಯಬಾರದು. ಆಗಿನ ನ್ಯಾಯ ಅದು.

ಗಂಗೂ ಹುಟ್ಟಿದ್ದು 1913ರ ಮಾರ್ಚ್ 5ರಂದು. ಚಿಕ್ಕವಳಿದ್ದಾಗ ಒಮ್ಮೆ ನೆರೆಯವರ ತೋಟಕ್ಕೆ ಮಾವಿನ ಆಸೆಗೆ ನುಗ್ಗಿ ಸಿಕ್ಕಿಬಿದ್ದಳು. ಮಾವು ಹೋದದ್ದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲಾ ಎಂಬುದೇ ಅವರಿಗೆ ದೊಡ್ಡದಾಯಿತು. ಮುಂದೆ ಅದೇ ಜನ ತಮ್ಮನ್ನು ಮನೆಗೆ ಕರೆದು ಊಟಕ್ಕೆ ಕೂಡಿಸಿದರೆಂದು ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ.

ಇಂಥ ಬೀದಿಯಲ್ಲಿ ತಲೆ ಎತ್ತಿಕೊಂಡೇ ಬಾಳಿದಾಕೆ ಅಂಬಾಬಾಯಿ. ಮಗಳನ್ನು ಶಾಲೆಗೆ ಕಳಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಈ ಹುಡುಗಿಯೂ ಇದ್ದಳು. ಅಷ್ಟು ಜನರೆದುರು ಹಾಡುವ ಭಯ ಅವಳಿಗಿರಲಿಲ್ಲ. ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ಏನಾದೀತೋ ಎಂಬುದೇ ಅವಳ ಅಳುಕು!

ಈಗ ನಾನು ಹೇಳಬೇಕೆಂದ ಮುಖ್ಯ ಸಂಗತಿಗೆ ಬರುತ್ತೇನೆ. ಮನೆಯಲ್ಲಿ ತಾಯಿ ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಮಗಳ ಕಿವಿಯೋ ಬೀದಿಯ ಕಡೆಗೆ. ಎಲ್ಲಾದರೂ ಗ್ರಾಮಫೋನು ಕೇಳಿಸಿತೆಂದರೆ ಅಲ್ಲಿಗೆ ಓಟ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮರಾಠಿ ನಾಟಕ ಕಂಪನಿಗಳು ಬಂದು ಹೋಗುತ್ತಿದ್ದವು, ಅವುಗಳ ಜೊತೆಗೇ ಹಿಂದೂಸ್ತಾನಿ ಗಾಯನದ ಗಾಳಿಯೂ ಬೀಸುತ್ತಿತ್ತು. ಮಗಳ ಮನಸ್ಸು ಎತ್ತ ಒಲಿದಿದೆ ಎಂದು ತಾಯಿಗೆ ತಿಳಿಯದೇ ಇರುತ್ತದೆಯೇ?

ಅಂಬಾಬಾಯಿ ಆಗ ಮಾಡಿದ್ದನ್ನು ಕೇಳಿದರೆ ಎದೆ ಒಂದು ಗಳಿಗೆ ನಿಂತಂತಾಗುತ್ತದೆ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ದಾಟಿ ಅಡ್ಡ ಬರಬಾರದೆಂದು ಆಕೆ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು.

ಇದನ್ನು ‘ತಾಯಿಯ ತ್ಯಾಗ’ ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ತಾಯಂದಿರು ಏನು ಬಿಟ್ಟುಕೊಟ್ಟರೂ ಅದಕ್ಕೊಂದು ತ್ಯಾಗದ ಹೂಮಾಲೆ ಹಾಕಿ ಸುಮ್ಮನಾಗುವುದು ನಮಗೆಲ್ಲ ರೂಢಿಯಾಗಿದೆ. ಇದರಲ್ಲಿ ವಿದ್ಯಾವಂತೆಯ ಲೆಕ್ಕಾಚಾರವೂ ಇತ್ತು. ಕರ್ನಾಟಕ ಸಂಗೀತದಲ್ಲಿ ಸ್ವರವನ್ನು ಗಮಕದಿಂದ ತೂಗಿ ಆಡಿಸುತ್ತಾರೆ. ಕಿರಾಣಾ ಘರಾಣೆಯವರು ಒಂದೊಂದು ಸ್ವರದ ಮೇಲೂ ಅಲುಗದೆ ನಿಂತು, ಹದವಾದ ಉರಿಯಲ್ಲಿ ಹಾಲು ಕಾಯಿಸಿದ ಹಾಗೆ, ರಾಗವನ್ನು ಮೆಲ್ಲಗೆ ಬೆಳೆಸುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು ಕಿವಿಗೆ ಬಿದ್ದರೆ ಎಳೆಯ ಗಂಟಲು ಎರಡನ್ನೂ ಕಲಸಿಬಿಡುತ್ತದೆ. ಇದು ಹಾಡುವವಳಿಗಲ್ಲದೆ ಬೇರೆ ಯಾರಿಗೆ ಹೊಳೆದೀತು? ಆದರೂ ಹೊತ್ತು ಹುಟ್ಟಿದರೆ ಹಾಡುತ್ತಿದ್ದವರು ಬಾಯಿ ಮುಚ್ಚಿ ಕೂಡುವುದೆಂದರೆ! ಒಲೆಯ ಮುಂದೆ ಕೂತಾಗ ತಾನಾಗಿ ಬಂದ ಗುನುಗನ್ನೂ ನುಂಗಿಕೊಂಡರೋ ಏನೋ.

ಅಷ್ಟಕ್ಕೇ ಬಿಡಲಿಲ್ಲ. 1928ರಲ್ಲಿ ಧಾರವಾಡದ ಮನೆ ಬಿಟ್ಟು ಸಂಸಾರವನ್ನು ಹುಬ್ಬಳ್ಳಿಗೆ ಸಾಗಿಸಿದರು. ಅಲ್ಲಿ ಹುಲಗೂರ ಕೃಷ್ಣಾಚಾರ್ಯರಲ್ಲಿ ಮಗಳಿಗೆ ಪಾಠ ಶುರುವಾಯಿತು. ಮಗಳ ಪಾಠಕ್ಕೆಂದು ಊರನ್ನೇ ಬದಲಿಸುವ ಛಾತಿ ಎಷ್ಟು ಜನಕ್ಕಿದೆ ಹೇಳಿ. 1929ರಲ್ಲಿ, 16ನೆಯ ವಯಸ್ಸಿಗೆ, ಗಂಗೂಬಾಯಿ ವಕೀಲ ಗುರುರಾವ್ ಕೌಲಗಿಯವರ ಬಾಳಸಂಗಾತಿಯಾದರು. ಮೂರು ವರ್ಷ ಕಳೆಯುವುದರೊಳಗೆ, 1932ರಲ್ಲಿ, ಅಂಬಾಬಾಯಿ ತೀರಿಕೊಂಡರು. ಯಾವ ಗಾಯನಕ್ಕಾಗಿ ತಾವು ಮೌನವಾದರೋ ಅದು ಮಾಗಿದ ಮೇಲೆ ಕೇಳುವ ಭಾಗ್ಯ ಆ ತಾಯಿಗೆ ಸಿಗಲಿಲ್ಲ.

ಗಂಗೂಬಾಯಿಯವರ ನಿಜವಾದ ತಾಲೀಮು ನಡೆದದ್ದು ಆಮೇಲೆ, ಸವಾಯಿ ಗಂಧರ್ವರ ಹತ್ತಿರ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹಿಡಿದು ಹೋಗಿ ಬರುವುದು. ಗುರುಗಳು ಒಂದೇ ತುಣುಕನ್ನು ಗಂಟೆಗಟ್ಟಲೆ ತಿದ್ದಿಸುತ್ತಿದ್ದರು. ಭೀಮಸೇನ ಜೋಶಿಯವರೂ ಅಲ್ಲೇ ಶಿಷ್ಯರು. ಮನೆಯಲ್ಲಿ ನಾರಾಯಣ, ಬಾಬುರಾವ್, ಕೃಷ್ಣಾ, ಹೀಗೆ ಮೂರು ಮಕ್ಕಳು. ಯಜಮಾನರ ವ್ಯಾಪಾರಗಳು ಕೈಹತ್ತಲಿಲ್ಲ, ಸಂಸಾರದ ಭಾರ ಹಾಡಿನ ಮೇಲೇ ಬಿತ್ತು. ಸಾಲದ್ದಕ್ಕೆ ಗಂಟಲಿನ ಚಿಕಿತ್ಸೆಯಾದ ಮೇಲೆ ಎಳೆಯ ಕಾಲದ ಸಣ್ಣ ದನಿ ಹೋಗಿ ಗಡಸಾಯಿತು. ಇನ್ನೊಬ್ಬರಾಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದರು. ಈಕೆ ಆ ಗಡಸು ದನಿಯಲ್ಲೇ ದೇಶವನ್ನೆಲ್ಲ ಗೆದ್ದರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಅಂಬಾಬಾಯಿಯ ಗಟ್ಟಿತನ ಎಲ್ಲಿಗೆ ಹೋದೀತು!

ಮಗಳು ಕೃಷ್ಣಾ ಅವರದು ಇನ್ನೊಂದು ಕಥೆ. ಅಮ್ಮನ ಹಿಂದೆ ಕೂತು, ಅಮ್ಮನ ಸ್ವರಕ್ಕೆ ತನ್ನ ಸ್ವರ ಕೂಡಿಸುತ್ತ ಹತ್ತಾರು ವರ್ಷ ಕಚೇರಿಗಳಲ್ಲಿ ಹಾಡಿದರು. ಅಜ್ಜಿ ಮಗಳಿಗಾಗಿ ಸುಮ್ಮನಾದರು, ಮೊಮ್ಮಗಳು ತಾಯಿಗಾಗಿ ಹಿಂದೆ ಕೂತರು. ಯಾರದು ಹೆಚ್ಚು ಕಷ್ಟದ್ದು ಅಂತ ಕೇಳಿದರೆ ನಾನಂತೂ ಉತ್ತರ ಹೇಳಲಾರೆ. 2004ರಲ್ಲಿ ಕೃಷ್ಣಾ ತಾಯಿಗಿಂತ ಮೊದಲೇ ಹೋಗಿಬಿಟ್ಟರು. 91ರ ವಯಸ್ಸಿನಲ್ಲಿ ಆ ದುಃಖವನ್ನೂ ಉಂಡ ಗಂಗೂಬಾಯಿ, 2006ರಲ್ಲಿ ಮತ್ತೆ ವೇದಿಕೆ ಹತ್ತಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕಣ್ಣು ಮುಚ್ಚಿದಾಗ ಆ ಕಣ್ಣುಗಳನ್ನೂ ದಾನ ಕೊಟ್ಟಿದ್ದರು.